ಹಳದಿ, ನೀಲಿ, ಹಸಿರು: ಬೆಂಗಳೂರಿನ ಭೂಬಳಕೆ ನಿಯಮಗಳ ಚರಿತ್ರೆ

ಒಂದು ನಿವೇಶನದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರಕ್ಕೆ ಕಟ್ಟಬಹುದು, ಕಟ್ಟಿದ ಮೇಲೆ ಅಲ್ಲಿ ಏನು ನಡೆಸಬಹುದು ಎಂಬುದನ್ನು ಬೆಂಗಳೂರಿನಲ್ಲಿ ಮಾಲೀಕನೊಬ್ಬನೇ ತೀರ್ಮಾನಿಸುವಂತಿಲ್ಲ. ನಗರದ ಮಹಾಯೋಜನೆಯ ನಕ್ಷೆ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ ಕೊಟ್ಟಿದೆ. ಅದರ ಜೊತೆಗಿರುವ ವಲಯ ನಿಯಮಾವಳಿ ಆ ಬಣ್ಣದ ಅರ್ಥವನ್ನು ಹೇಳುತ್ತದೆ. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಸರ್ಕಾರಿ ಕಚೇರಿಗಳಿಗೆ ಕೆಂಪು, ಉದ್ಯಾನಕ್ಕೂ ಕೃಷಿಗೂ ಹಸಿರಿನ ಛಾಯೆಗಳು. ಜಮೀನು ಕೊಡಿಸುವವರ ಬಾಯಲ್ಲಿ ‘ಯೆಲ್ಲೋ ಜೋನ್’, ‘ಗ್ರೀನ್ ಬೆಲ್ಟ್’ ಎಂಬ ಮಾತುಗಳು ಸಲೀಸಾಗಿ ಬರುವುದು ಈ ನಕ್ಷೆಯಿಂದ. ಒಂದೇ ಬದುವಿನ ಆಚೆ ಈಚೆ ಎಕರೆಯ ಬೆಲೆ ಹಲವು ಪಟ್ಟು ಬೇರೆಯಾಗುವುದೂ ಇದರಿಂದಲೇ.

ನೆಲವನ್ನು ಬಳಕೆಗೆ ತಕ್ಕಂತೆ ವಿಂಗಡಿಸುವುದು ಈ ಸೀಮೆಗೆ ನಗರ ಯೋಜಕರು ತಂದ ವಿದ್ಯೆಯೇನಲ್ಲ. ಊರಿನ ಲೆಕ್ಕದಲ್ಲಿ ತರಿ (ನೀರಾವರಿ), ಖುಷ್ಕಿ (ಮಳೆಯಾಶ್ರಿತ), ಬಾಗಾಯ್ತು (ತೋಟ) ಎಂಬ ವಿಭಾಗಗಳು ಬಹಳ ಹಿಂದಿನಿಂದ ಇದ್ದವು. ಮನೆ ಕಟ್ಟಿಕೊಳ್ಳಲು ಗ್ರಾಮಠಾಣಾ, ದನ ಮೇಯಲು ಗೋಮಾಳ, ನೆರಳಿಗೆ ಗುಂಡುತೋಪು, ಹಳ್ಳ ಮತ್ತು ದಾರಿಗೆ ಖರಾಬು ಇದ್ದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದ ಕಂದಾಯ ಸರ್ವೆ ಇವನ್ನೆಲ್ಲ ಅಳೆದು ನಂಬರು ಹಾಕಿ ದಾಖಲೆಗೆ ಏರಿಸಿತು. ಆ ವಿಂಗಡಣೆಯ ಉದ್ದೇಶ ಕಂದಾಯ ವಸೂಲಿ. ಆದರೂ ಯಾವ ನೆಲದ ಮೇಲೆ ಯಾರಿಗೆ ಯಾವ ಹಕ್ಕು ಎಂಬುದನ್ನು ಅದು ಗಟ್ಟಿಯಾಗಿ ಬರೆದಿಟ್ಟಿತು. ನಗರದ ಹೊಸ ನಕ್ಷೆಗಳು ಬಂದಿದ್ದು ಈ ಹಳೆಯ ಪುಸ್ತಕದ ಮೇಲೆಯೇ. ಇಂದಿಗೂ ಬಡಾವಣೆಯೊಂದರ ತಕರಾರು ಕೋರ್ಟಿಗೆ ಹೋದರೆ, ಅಲ್ಲಿ ಹಳ್ಳವಿತ್ತೋ ಇರಲಿಲ್ಲವೋ ಎಂದು ತಿಳಿಯಲು ಗ್ರಾಮ ನಕಾಶೆಯನ್ನೇ ಬಿಚ್ಚಬೇಕಾಗುತ್ತದೆ.

ಹಳೆಯ ಬೆಂಗಳೂರು ಪೇಟೆಯ ವಿಂಗಡಣೆ ಇನ್ನೊಂದು ಬಗೆಯದು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ: ಹೆಸರುಗಳೇ ಅಲ್ಲಿಯ ಸರಕನ್ನೋ ಕಸುಬಿನವರನ್ನೋ ಹೇಳುತ್ತವೆ. ಬೀದಿಗೆ ಮುಖವಾದ ಜಗಲಿಯಲ್ಲಿ ವ್ಯಾಪಾರ, ಅದರ ಹಿಂದೆ ಮಗ್ಗವೋ ಗಾಣವೋ ಉಗ್ರಾಣವೋ, ಹಿತ್ತಿಲಲ್ಲೋ ಮಹಡಿಯಲ್ಲೋ ಸಂಸಾರ. ವಾಸದ ಜಾಗ ಬೇರೆ, ದುಡಿಮೆಯ ಜಾಗ ಬೇರೆ ಎಂಬ ಕಲ್ಪನೆಯೇ ಅಲ್ಲಿರಲಿಲ್ಲ. ಆದರೆ ಒಂದು ಜಾತಿಯ ಕೇರಿಗೂ ಇನ್ನೊಂದರ ಕೇರಿಗೂ ನಡುವೆ ಗೆರೆ ಬಲವಾಗಿತ್ತು, ಅದನ್ನು ದಾಟುವುದು ಸುಲಭವಿರಲಿಲ್ಲ. ಅದನ್ನು ಯಾವ ಸರ್ಕಾರಿ ಆದೇಶದಲ್ಲೂ ಬರೆಯಬೇಕಾದ ಅಗತ್ಯ ಬೀಳಲಿಲ್ಲ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಇಲ್ಲಿಗೆ ಬಂದು ದಂಡು ಕಟ್ಟಿದ ಮೇಲೆ ಮತ್ತೊಂದು ಗೆರೆ ಮೂಡಿತು. ದೊಡ್ಡ ಅಂಗಳದ ಬಂಗಲೆಗಳ ದಂಡು ಒಂದು ಕಡೆ, ಒತ್ತೊತ್ತಾದ ಪೇಟೆ ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ಆಡಳಿತ, ಬೇರೆ ಬೇರೆ ನಿಯಮ. 1949ರಲ್ಲಿ ಎರಡೂ ಸೇರಿ ಒಂದೇ ನಗರಪಾಲಿಕೆ ಆಗುವವರೆಗೆ ಅವು ಎರಡು ಊರುಗಳಾಗಿಯೇ ಬೆಳೆದವು.

ಸರ್ಕಾರ ನೇರವಾಗಿ ಮನೆಯ ಅಳತೆಗೆ ಕೈಹಾಕಿದ್ದು ರೋಗದ ಭಯದಿಂದ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಗಾಳಿ ಬೆಳಕಿಲ್ಲದ ಪೇಟೆಯ ಮನೆಗಳೇ ರೋಗದ ಗೂಡು ಎಂಬ ನಂಬಿಕೆ ಅಧಿಕಾರಿಗಳಲ್ಲಿ ಬೇರೂರಿತು. ಚಾಮರಾಜಪೇಟೆ ಅದಕ್ಕೂ ಮುಂಚೆಯೇ ರೂಪುಗೊಂಡಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಜನೆಯೂ ಆ ದಶಕದ್ದೇ. ಪ್ಲೇಗಿನ ನಂತರ ಅಲ್ಲಿಗೆ ಜನ ಹೋಗುವ ವೇಗ ಹೆಚ್ಚಿತು. ದಂಡಿನ ಕಡೆಯಲ್ಲಿ 1906ರಲ್ಲಿ ಆರಂಭವಾದ ಫ್ರೇಜರ್ ಟೌನಿನಲ್ಲಿ ಇಲಿ ನುಸುಳದಂಥ ಮನೆಗಳನ್ನು ಕಟ್ಟಿಸುವುದೇ ಗುರಿಯಾಗಿತ್ತು.

ಈ ಬಡಾವಣೆಗಳಲ್ಲಿ ಚೌಕಾಕಾರದ ಬೀದಿಗಳು, ಮನೆಯ ಸುತ್ತ ಬಿಡಲೇಬೇಕಾದ ಖಾಲಿ ಜಾಗ, ಉದ್ಯಾನಕ್ಕೆ ಮೀಸಲು, ಮಾರುಕಟ್ಟೆಗೆ ಪ್ರತ್ಯೇಕ ಸ್ಥಳ ಎಲ್ಲವೂ ಇದ್ದವು. ಇಂದಿನ ‘ಸೆಟ್‌ಬ್ಯಾಕ್’ ನಿಯಮದ ಬೇರು ಅಲ್ಲಿದೆ. ಜೊತೆಗೆ ಬ್ಲಾಕುಗಳನ್ನು ಜಾತಿ ಪಂಗಡಗಳ ಪ್ರಕಾರ ಹಂಚುವ ಏರ್ಪಾಟೂ ಇತ್ತು. ಪೇಟೆಯಲ್ಲಿ ರೂಢಿಯಾಗಿದ್ದ ಗೆರೆಯನ್ನು ಹೊಸ ಬಡಾವಣೆಯಲ್ಲಿ ಸರ್ಕಾರವೇ ಅಳತೆಪಟ್ಟಿ ಹಿಡಿದು ಎಳೆಯಿತು. ಮಲ್ಲೇಶ್ವರದಲ್ಲೂ ಬಸವನಗುಡಿಯಲ್ಲೂ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕಿರಿದಾದ ಓಣಿಗಳು ಈಗಲೂ ಕಾಣುತ್ತವೆ. ‘ಕನ್ಸರ್ವೆನ್ಸಿ’ ಎಂದು ಕರೆಯುವ ಈ ಓಣಿಗಳು ಮಲ ಹೊರುವ ಕೆಲಸದವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಬಿಟ್ಟವು. ಹವೆ ಬೆಳಕಿನ ಲೆಕ್ಕದಲ್ಲಿ ಶ್ರೇಷ್ಠವೆನಿಸಿದ ಯೋಜನೆಯೊಳಗೆ ಮನುಷ್ಯರನ್ನು ದೂರವಿಡುವ ಲೆಕ್ಕವೂ ಅಷ್ಟೇ ಕರಾರುವಾಕ್ಕಾಗಿ ಕೂತಿತ್ತು ಎಂಬುದನ್ನು ಆ ಬಡಾವಣೆಗಳ ಸೊಬಗನ್ನು ಹೊಗಳುವ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಇದೇ ಹೊತ್ತಿನಲ್ಲಿ ಜಗತ್ತಿನ ಬೇರೆಡೆ ವಲಯ ಪದ್ಧತಿ ಕಾನೂನಿನ ರೂಪ ಪಡೆಯುತ್ತಿತ್ತು. ಜರ್ಮನಿಯ ಫ್ರಾಂಕ್‌ಫರ್ಟ್ 1891ರಲ್ಲಿ ನಗರದ ಭಾಗಗಳಿಗೆ ಬೇರೆ ಬೇರೆ ಕಟ್ಟಡ ನಿಯಮ ಮಾಡಿತು. ನ್ಯೂಯಾರ್ಕಿನಲ್ಲಿ 1915ರಲ್ಲಿ ಎದ್ದ ಇಕ್ವಿಟಬಲ್ ಕಟ್ಟಡ ಸುತ್ತಲಿನ ಬೀದಿಗಳ ಬಿಸಿಲನ್ನೇ ನುಂಗಿತು ಎಂಬ ಕೂಗು ಎದ್ದು, ಮರುವರ್ಷ ಇಡೀ ನಗರಕ್ಕೆ ವಲಯ ಕಾನೂನು ಬಂತು. ಒಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರು ಮಾಡಿದ ಇಂಥದೇ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 1926ರಲ್ಲಿ ಎತ್ತಿಹಿಡಿಯಿತು. ವಾಸ, ವ್ಯಾಪಾರ, ಕೈಗಾರಿಕೆಗಳನ್ನು ಒಂದರಿಂದ ಒಂದನ್ನು ಬಿಡಿಸಿಡುವ ಪದ್ಧತಿ ಆ ಮೇಲೆ ಹಬ್ಬಿತು. ಭಾರತದಲ್ಲಿ ಬ್ರಿಟನ್ನಿನ 1909ರ ಕಾಯಿದೆಯ ಮಾದರಿಯಲ್ಲಿ 1915ರ ಮುಂಬಯಿ ನಗರ ಯೋಜನಾ ಕಾಯಿದೆ ಮೊದಲಿಗೆ ಬಂತು. ಅದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಸೀಮೆಗಳಿಗೂ ಅನ್ವಯಿಸುವಂಥದು. ಮೈಸೂರು ನಗರದಲ್ಲಿ ಸುಧಾರಣಾ ಮಂಡಲಿ 1903ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತು. ಬೆಂಗಳೂರಿಗೆ ಅಂಥ ಮಂಡಲಿ ಸಿಕ್ಕಿದ್ದು 1945ರಲ್ಲಿ. ಅಲ್ಲಿಯವರೆಗೆ ನಗರಸಭೆಯ ಲೈಸೆನ್ಸು ಮತ್ತು ಕಟ್ಟಡ ಉಪನಿಯಮಗಳೇ ಎಲ್ಲ.

ನಗರ ಸುಧಾರಣಾ ವಿಶ್ವಸ್ಥ ಮಂಡಲಿ, ಜನರ ಬಾಯಲ್ಲಿ ಸಿಐಟಿಬಿ, ಜಮೀನನ್ನು ಸ್ವಾಧೀನಪಡಿಸಿಕೊಂಡು ಬಡಾವಣೆ ಮಾಡಿ ಸೈಟು ಹಂಚುವ ಸಂಸ್ಥೆ. 1940ರ ದಶಕದ ಕೊನೆಯಲ್ಲಿ ಜಯನಗರ, ರಾಜಾಜಿನಗರಗಳು ಹುಟ್ಟಿದ್ದು ಹೀಗೆ. ಯುದ್ಧಕಾಲದಲ್ಲಿ, ಅದರ ನಂತರದಲ್ಲಿ ನಗರ ಉಬ್ಬಿತ್ತು: 1941ರಲ್ಲಿ ನಾಲ್ಕು ಲಕ್ಷದ ಆಸುಪಾಸು ಇದ್ದ ಜನಸಂಖ್ಯೆ 1951ಕ್ಕೆ ಏಳೂಮುಕ್ಕಾಲು ಲಕ್ಷ ದಾಟಿತು. ಇಲ್ಲಿ ಭೂಬಳಕೆಯ ನಿಯಂತ್ರಣ ನಡೆದಿದ್ದು ಹಂಚಿಕೆ ಪತ್ರದ ಷರತ್ತುಗಳ ಮೂಲಕ. ಇಷ್ಟು ವರ್ಷದೊಳಗೆ ಮನೆ ಕಟ್ಟಬೇಕು, ಅವಧಿ ಮುಗಿಯುವವರೆಗೆ ಪರಭಾರೆ ಮಾಡಬಾರದು, ವಾಸಕ್ಕಲ್ಲದೆ ಬೇರೆಯದಕ್ಕೆ ಬಳಸಬಾರದು. ಗುತ್ತಿಗೆಯೊಂದಿಗಿನ ಕ್ರಯ ಕರಾರಿನ ಈ ಮೂರು ಸಾಲು, ಆ ಕಾಲದ ಯಾವ ನಕ್ಷೆಗಿಂತಲೂ ಚೆನ್ನಾಗಿ ಕೆಲಸ ಮಾಡಿತು. ಸೈಟು ಕೈತಪ್ಪುವ ಭಯ ಮಾಲೀಕನಿಗೆ ನಿಜವಾಗಿ ಇತ್ತು. ಆದರೆ ಆ ಕರಾರಿನ ಅಧಿಕಾರ ಸಿಐಟಿಬಿಯ ಸ್ವಂತ ಬಡಾವಣೆಗಳ ಮೇಲೆ ಮಾತ್ರ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ತಮ್ಮದೇ ವಸತಿ ಊರುಗಳನ್ನು ಹೊರವಲಯದಲ್ಲಿ ಕಟ್ಟಿಕೊಂಡವು. ಅವುಗಳ ಸುತ್ತಲಿನ ಹಳ್ಳಿಗಳು ಯಾವ ಯೋಜನೆಯ ಕೆಳಗೂ ಬರಲಿಲ್ಲ.

ಈ ಕೊರತೆಯನ್ನು ತುಂಬಲು ಬಂದದ್ದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. 1961ರ ಹೆಸರಿನಲ್ಲಿರುವ ಇದು ಜಾರಿಗೆ ಬಂದದ್ದು 1965ರ ಜನವರಿಯಲ್ಲಿ. ಏಕೀಕರಣದ ನಂತರ ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರು ಕಡೆಗಳ ಬೇರೆ ಬೇರೆ ಪದ್ಧತಿಗಳ ಜಾಗದಲ್ಲಿ ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟು ಸಿಕ್ಕಿತು. ಇಂದಿಗೂ ಕರ್ನಾಟಕದ ಯಾವುದೇ ಊರಿನ ವಲಯ ನಿಯಮ ನಿಂತಿರುವುದು ಇದೇ ಕಾಯಿದೆಯ ಮೇಲೆ.

ಅದರ ಕೆಲಸದ ರೀತಿ ಹೀಗೆ. ಸರ್ಕಾರ ಒಂದು ಸ್ಥಳೀಯ ಯೋಜನಾ ಪ್ರದೇಶವನ್ನು ಘೋಷಿಸಿ ಅದಕ್ಕೊಂದು ಯೋಜನಾ ಪ್ರಾಧಿಕಾರ ನೇಮಿಸುತ್ತದೆ. ಪ್ರಾಧಿಕಾರ ಈಗಿರುವ ಭೂಬಳಕೆಯ ಸಮೀಕ್ಷೆ ನಡೆಸಿ, ಮುಂದಿನ ಬಳಕೆಯ ನಕ್ಷೆ ಮತ್ತು ನಿಯಮಗಳನ್ನು ಬರೆಯುತ್ತದೆ. ಕರಡು ಪ್ರಕಟವಾಗಿ ಜನರ ಆಕ್ಷೇಪಣೆ ಕೇಳಿದ ನಂತರ ಸರ್ಕಾರದ ಅನುಮೋದನೆ ಸಿಗುತ್ತದೆ. ಅಲ್ಲಿಂದ ಮುಂದೆ ಆ ಪ್ರದೇಶದಲ್ಲಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ‘ಅಭಿವೃದ್ಧಿ’ ನಡೆಯುವಂತಿಲ್ಲ. ಈ ಪದದ ವ್ಯಾಪ್ತಿ ದೊಡ್ಡದು: ಮನೆ ಕಟ್ಟುವುದು, ಕಲ್ಲು ಗಣಿ ತೆಗೆಯುವುದು ಮಾತ್ರವಲ್ಲದೆ, ಗೋಡೆಯ ಒಂದು ಇಟ್ಟಿಗೆಯನ್ನೂ ಅಲುಗಿಸದೆ ಮನೆಯನ್ನು ಅಂಗಡಿ ಮಾಡುವುದೂ ಅದರಲ್ಲಿ ಸೇರುತ್ತದೆ. ನಕ್ಷೆಯ ಬಣ್ಣ ಬದಲಿಸಬೇಕೆಂದರೆ ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆ, ಶುಲ್ಕ, ಸರ್ಕಾರದ ಅನುಮತಿ ಎಂಬ ಮೆಟ್ಟಿಲುಗಳನ್ನು ಹತ್ತಬೇಕು. ಕೃಷಿ ಭೂಮಿಯಾದರೆ 1964ರ ಭೂ ಕಂದಾಯ ಕಾಯಿದೆಯಡಿ ಜಿಲ್ಲಾಧಿಕಾರಿಯ ಪರಿವರ್ತನೆ ಆದೇಶವೂ ಬೇಕು. ‘ಡಿಸಿ ಕನ್ವರ್ಷನ್ ಆಗಿದೆಯಾ?’ ಎಂದು ಸೈಟು ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಕಂದಾಯದ ಹಳೆಯ ಪುಸ್ತಕ ಮತ್ತು ಯೋಜನೆಯ ಹೊಸ ನಕ್ಷೆ ಎರಡೂ ಹೂಂ ಎನ್ನದೆ ನೆಲ ಮನೆಯಾಗುವುದಿಲ್ಲ.

ನಿಯಮ ಕಟ್ಟಡದ ಗಾತ್ರವನ್ನು ಹಿಡಿದಿಡುವ ಬಗೆಯನ್ನು ಮೂವತ್ತು ನಲವತ್ತರ ಸೈಟೊಂದರಲ್ಲಿ ನೋಡಬಹುದು. ವಿಸ್ತೀರ್ಣ 1200 ಚದರ ಅಡಿ. 2007ರ ನಿಯಮಾವಳಿಯಲ್ಲಿ ಇಂಥ ಸಣ್ಣ ವಾಸದ ನಿವೇಶನಕ್ಕೆ ನೆಲದ ಮೇಲಿನ ಹರವು ಹೆಚ್ಚೆಂದರೆ ಶೇಕಡ 75. ಅಂದರೆ 900 ಚದರ ಅಡಿಯಲ್ಲಿ ಕಟ್ಟಿ, ಉಳಿದದ್ದನ್ನು ಗಾಳಿ ಬೆಳಕಿಗೆ ಬಿಡಬೇಕು. ನೆಲ ವಿಸ್ತೀರ್ಣ ಅನುಪಾತ, ಎಲ್ಲರೂ ಹೇಳುವಂತೆ ‘ಎಫ್‌ಎಆರ್’, ಕಿರಿದಾದ ರಸ್ತೆಯಲ್ಲಿ 1.75. ಎಲ್ಲ ಮಹಡಿಗಳೂ ಸೇರಿ 2100 ಚದರ ಅಡಿ ಮೀರಬಾರದು. ಹರವಿನ ಮಿತಿಯನ್ನು ಪೂರ್ತಿ ಬಳಸಿಕೊಂಡರೆ ಎರಡು ಅಂತಸ್ತು ಮುಗಿದು ಮೂರನೆಯದರಲ್ಲಿ ಒಂದು ಕೋಣೆ ಏಳುವಷ್ಟು. ರಸ್ತೆ ಅಗಲವಾದಂತೆ, ನಿವೇಶನ ದೊಡ್ಡದಾದಂತೆ ಅನುಪಾತ ಏರುತ್ತದೆ. ಹೀಗೆ ನಿಯಮ ಕಟ್ಟಡದ ಎತ್ತರವನ್ನು ಬೀದಿಯ ಅಗಲಕ್ಕೆ ಕಟ್ಟಿಹಾಕುತ್ತದೆ, ಏಕೆಂದರೆ ಮನೆಯೊಳಗಿನ ಪ್ರತಿ ಕುಟುಂಬದ ನೀರು, ಒಳಚರಂಡಿ, ವಾಹನ ಕೊನೆಗೆ ಬೀದಿಗೇ ಬರಬೇಕು. ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ಇಂಥ ಸೈಟಿನ ಮೇಲೆ ನಾಲ್ಕು ಐದು ಅಂತಸ್ತು ನಿಂತಿರುವುದನ್ನೂ, ಪಕ್ಕದ ಗೋಡೆಗೆ ಗೋಡೆ ತಾಗುವುದನ್ನೂ ಕಂಡವರಿಗೆ ಕಾಗದಕ್ಕೂ ಬೀದಿಗೂ ಇರುವ ದೂರ ಗೊತ್ತಾಗುತ್ತದೆ.

ಕಾಯಿದೆಯಡಿ ಬೆಂಗಳೂರಿಗೆ ಮೊದಲ ರೂಪುರೇಷೆ ಅಭಿವೃದ್ಧಿ ಯೋಜನೆ ಅನುಮೋದನೆಗೊಂಡದ್ದು 1972ರಲ್ಲಿ. ಸುಮಾರು 500 ಚದರ ಕಿಲೋಮೀಟರು ವ್ಯಾಪ್ತಿಯಲ್ಲಿ ಅರ್ಧಕ್ಕಿಂತ ಕಡಿಮೆ ನೆಲವನ್ನು ನಗರಕ್ಕೆ ಬಿಟ್ಟು, ಸುತ್ತಲೂ ಹಸಿರು ಪಟ್ಟಿ ಎಳೆದರು. ಲಂಡನ್ನಿನ ಹಸಿರು ಪಟ್ಟಿಯ ಆದರ್ಶ ಆಗ ಎಲ್ಲೆಡೆಯ ಯೋಜಕರಲ್ಲಿ ಬಲವಾಗಿತ್ತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿ ಸಿಐಟಿಬಿ ಅದರಲ್ಲಿ ಲೀನವಾಯಿತು. ಮುಂದೆ ಯೋಜನೆಯ ಅಧಿಕಾರವೂ ಅದಕ್ಕೇ ಬಂತು. ನಿಯಮ ಬರೆಯುವ ಸಂಸ್ಥೆ ತಾನೇ ಜಮೀನು ಹಿಡಿದು ಸೈಟು ಮಾರುವ ಸಂಸ್ಥೆಯೂ ಆಯಿತು. ಈ ಎರಡು ಪಾತ್ರ ಒಂದೇ ಕೈಯಲ್ಲಿ ಸೇರಿದ್ದು ಯೋಜನೆಗೆ ಒಳ್ಳೆಯದನ್ನು ಮಾಡಲಿಲ್ಲ. ಪ್ರಾಧಿಕಾರದ ಗಮನ ಸೈಟಿನ ಕಡೆ ಹೋಯಿತು, ಯೋಜನೆ ಹಿಂದೆ ಬಿತ್ತು.

ನಿಯಮವನ್ನು ಜೀವಂತವಾಗಿ ಇಟ್ಟವರು ಹೆಚ್ಚಾಗಿ ಬಡಾವಣೆಗಳ ನಿವಾಸಿಗಳು. ಎತ್ತರದ ಕಟ್ಟಡಗಳ ವಿರುದ್ಧ ಅವರು ಹೂಡಿದ ಮೊಕದ್ದಮೆಯೊಂದು 1987ರಲ್ಲಿ ಬಿ.ಕೆ. ಶ್ರೀನಿವಾಸನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಯೋಜನೆಯ ನಿಯಮಗಳು ಸರಿಯಾಗಿ ಪ್ರಕಟವಾಗಿಯೇ ಇಲ್ಲ, ಆದ್ದರಿಂದ ಅವು ತಮ್ಮನ್ನು ಕಟ್ಟಿಹಾಕವು ಎಂಬುದು ಕಟ್ಟಡದವರ ವಾದ. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಅದನ್ನು ತಳ್ಳಿಹಾಕಿತು. ನಿಯಮ ಜನರಿಗೆ ತಿಳಿಯುವಂತೆ ಪ್ರಕಟವಾಗುವುದು ಏಕೆ ಅಗತ್ಯ ಎಂಬುದನ್ನೂ ವಿವರಿಸಿತು. ನಾಲ್ಕು ವರ್ಷದ ನಂತರ ಬಂದ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಇನ್ನೂ ಮುಖ್ಯವಾದದ್ದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ನಿವಾಸಿಗಳು ಪ್ರಶ್ನಿಸಿದರು. ಆಸ್ಪತ್ರೆಯೂ ಜನಕ್ಕೆ ಬೇಕಾದದ್ದೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. ಮಕ್ಕಳಿಗೂ ವೃದ್ಧರಿಗೂ ಮೀಸಲಾದ ಬಯಲು ಅಧಿಕಾರಸ್ಥರ ಇಷ್ಟದಂತೆ ಬದಲಾಗಬಾರದು, ಅದನ್ನು ಕೇಳುವ ಹಕ್ಕು ನೆರೆಹೊರೆಯವರಿಗೆ ಇದೆ ಎಂದು 1991ರ ತೀರ್ಪು ಸ್ಪಷ್ಟಪಡಿಸಿತು. ದೇಶದ ನಾನಾ ಊರುಗಳಲ್ಲಿ ಉದ್ಯಾನ ಉಳಿಸಿಕೊಳ್ಳಲು ಹೋರಾಡುವವರು ಇಂದಿಗೂ ಆಧಾರವಾಗಿ ಹಿಡಿಯುವುದು ಇದೇ ತೀರ್ಪನ್ನು. ಪ್ರಾಧಿಕಾರದ ಕಾಯಿದೆಯಲ್ಲಿಯೇ ಬಡಾವಣೆಯ ಕನಿಷ್ಠ ಶೇಕಡ 15 ಭಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇಕಡ 10 ನಾಗರಿಕ ಸೌಲಭ್ಯಕ್ಕೆ ಎಂಬ ನಿಯಮ ಇದೆ. ‘ಸಿ.ಎ. ಸೈಟು’ ಎಂಬ ಮಾತು ಆ ಶೇಕಡ 10ರದ್ದು.

ಹಸಿರು ಪಟ್ಟಿಗೆ ಅಂಥ ಕಾವಲುಗಾರರು ಸಿಗಲಿಲ್ಲ. 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ಮಹಾನಗರ ಪ್ರದೇಶ 1279 ಚದರ ಕಿಲೋಮೀಟರು. ಅದರಲ್ಲಿ 839 ಹಸಿರು. ಅಷ್ಟು ಹೊತ್ತಿಗೆ ಜನಸಂಖ್ಯೆ 29 ಲಕ್ಷದ ಆಚೆ. ಪ್ರಾಧಿಕಾರದ ಸೈಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಸರತಿ ಉದ್ದವಾಗಿತ್ತು. ಕಾಯಲಾಗದವರಿಗೆ ಹಸಿರು ಪಟ್ಟಿಯ ರೈತರು, ಮಧ್ಯವರ್ತಿಗಳು, ಗೃಹ ನಿರ್ಮಾಣ ಸಹಕಾರ ಸಂಘಗಳು ನೆಲ ಒದಗಿಸಿದವು. ಪರಿವರ್ತನೆಯಿಲ್ಲದ ಹೊಲವನ್ನು ತುಂಡು ಮಾಡಿ, ನೋಂದಣಿ ಸಾಧ್ಯವಾಗದೆ ಹೋದರೆ ಅಧಿಕಾರಪತ್ರ ಬರೆದುಕೊಟ್ಟು ಮಾರಿದ ‘ರೆವಿನ್ಯೂ ಸೈಟು’ಗಳು ಹೀಗೆ ಹಬ್ಬಿದವು. ಅಲ್ಲಿ ಮನೆ ಕಟ್ಟಿದವರು ಬಹುತೇಕ ಕಾರ್ಖಾನೆ ಕಾರ್ಮಿಕರು, ಗುಮಾಸ್ತರು, ಆಟೋ ಓಡಿಸುವವರು. ಅವರನ್ನು ಅತಿಕ್ರಮಣದವರೆಂದು ಕರೆಯುವುದು ಸುಲಭ. ಆದರೆ ಅವರ ಸಂಬಳಕ್ಕೆ ಎಟಕುವ ಹಳದಿ ನೆಲವನ್ನು ಯೋಜನೆ ಬೇಕಾದಷ್ಟು ಇಟ್ಟಿರಲಿಲ್ಲ. ನಗರದೊಳಗೆ ಸಿಕ್ಕಿಬಿದ್ದ ಹಳ್ಳಿಗಳ ಗ್ರಾಮಠಾಣಾಗಳು ಮತ್ತೊಂದು ಆಶ್ರಯ ಕೊಟ್ಟವು. ಹಳೆಯ ಹಕ್ಕಿನ ಆ ಇಕ್ಕಟ್ಟು ಓಣಿಗಳಲ್ಲಿ ಸಣ್ಣ ಬಾಡಿಗೆ ಮನೆ, ಗರಡಿ, ಗ್ಯಾರೇಜು, ಹಾಲಿನ ಡೈರಿ ಒಟ್ಟಿಗೇ ಇರುತ್ತಿದ್ದವು. 1995ರ ಪರಿಷ್ಕರಣೆ ಹಸಿರು ಪಟ್ಟಿಯ ಒಂದು ಪಾಲನ್ನು ನಗರಕ್ಕೆ ಸೇರಿಸಿತು. ಕಟ್ಟಿಯಾದ ಮೇಲೆ ಬಣ್ಣ ಬಳಿಯುವ ಕೆಲಸ ಅದು.

2007ರ ಜೂನಿನಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ 2015, ಫ್ರೆಂಚ್ ಸಲಹೆಗಾರರ ನೆರವಿನಿಂದ ತಯಾರಾದದ್ದು. ವಾಸ ಬೇರೆ ವ್ಯಾಪಾರ ಬೇರೆ ಎಂಬ ಹಠವನ್ನು ಅದು ಸಡಿಲಿಸಿತು. ವಾಸದ ವಲಯವನ್ನು ಎರಡಾಗಿ ಒಡೆದು, ಒಂದರಲ್ಲಿ ಅಂಗಡಿ ಕಚೇರಿಗಳಿಗೆ ಹೆಚ್ಚು ಅವಕಾಶ ಕೊಟ್ಟಿತು. ನಗರವನ್ನು ಮೂರು ಉಂಗುರಗಳಾಗಿ ಕಂಡಿತು. ಪೇಟೆಯ ಬದುಕನ್ನು ಬಲ್ಲವರಿಗೆ ಈ ಬೆರಕೆ ಸಹಜ. ಕೋರಮಂಗಲ, ಇಂದಿರಾನಗರ, ಮಲ್ಲೇಶ್ವರಗಳ ನಿವಾಸಿಗಳಿಗೆ ಅದು ಕಿರಿಕಿರಿಯ ಬೆರಕೆ, ಏಕೆಂದರೆ ಬಂದದ್ದು ಕಿರಾಣಿ ಅಂಗಡಿ, ಟೈಲರ ಅಂಗಡಿಗಳಷ್ಟೇ ಅಲ್ಲ. ಪಬ್ಬು, ಷೋರೂಮು, ನಡುರಾತ್ರಿಯವರೆಗಿನ ಪಾರ್ಕಿಂಗ್ ಗಲಾಟೆಯೂ ಬಂತು. ಅವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಕಿರಿದಾದ ರಸ್ತೆಗಳಲ್ಲಿ ವಾಣಿಜ್ಯವನ್ನು ತಡೆಯುವ ತಿದ್ದುಪಡಿಗಳು ಮುಂದೆ ಬಂದವು.

ಕೆರೆಗಳದ್ದು ಬೇರೆಯೇ ದುಃಖ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದದ್ದು ಖಾಸಗಿಯವರ ಕೈಯಿಂದಲ್ಲ, ಸರ್ಕಾರದ ನಿರ್ಧಾರದಿಂದಲೇ. ಕೆರೆಗಳ ಅಂಚಿಗೂ ಕೆರೆಯಿಂದ ಕೆರೆಗೆ ನೀರು ಹರಿಸುತ್ತಿದ್ದ ರಾಜಕಾಲುವೆಗಳ ಅಂಚಿಗೂ ಮಹಾಯೋಜನೆ 2015 ಕಾಯ್ದಿಟ್ಟ ಪಟ್ಟಿ ಗೊತ್ತುಮಾಡಿತು: ಕೆರೆಗೆ 30 ಮೀಟರು, ಕಾಲುವೆಗಳಿಗೆ ದರ್ಜೆಯಂತೆ 50, 25, 15. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಇದನ್ನು 75, 50, 35, 25 ಮೀಟರುಗಳಿಗೆ ಏರಿಸಿತು. ಶಾಸನಬದ್ಧ ಯೋಜನೆಯನ್ನು ಹೀಗೆ ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟು 2019ರ ಮಾರ್ಚಿನಲ್ಲಿ ಆ ಭಾಗವನ್ನು ರದ್ದುಪಡಿಸಿತು. ಕಾನೂನಿನ ತರ್ಕ ಸರಿಯೇ ಇರಬಹುದು, ಮಳೆಗಾಲದಲ್ಲಿ ಕಾಲುವೆ ಮಾತ್ರ ತನ್ನ ಹಳೆಯ ಅಗಲವನ್ನೇ ಕೇಳುತ್ತದೆ.

ಉಲ್ಲಂಘನೆ ಇಷ್ಟು ವ್ಯಾಪಕವಾದ ಮೇಲೆ ಸರ್ಕಾರ ಹಿಡಿದ ದಾರಿ ಅಕ್ರಮ ಸಕ್ರಮ. 2007ರಲ್ಲಿ ಯೋಜನಾ ಕಾಯಿದೆಗೆ ತಿದ್ದುಪಡಿ ತಂದು, ಸೆಟ್‌ಬ್ಯಾಕ್ ಮತ್ತು ಎಫ್‌ಎಆರ್ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಹೊರಟಿತು. ಮಿತಿ ವಾಸದ ಕಟ್ಟಡಕ್ಕೆ ಶೇಕಡ 50, ಉಳಿದವಕ್ಕೆ ಶೇಕಡ 25. ಕೊನೆಯ ದಿನಾಂಕ 2013ರ ಅಕ್ಟೋಬರ್ 19. ನಿಯಮ ಪಾಲಿಸಿ ಸಣ್ಣ ಮನೆಯಲ್ಲೇ ಉಳಿದವರಿಗೆ ಇದು ಅನ್ಯಾಯವೆಂಬ ಮಾತು ಬಲವಾಗಿ ಕೇಳಿಬಂತು, ಅದರಲ್ಲಿ ಹುರುಳಿತ್ತು. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಯೋಜನೆಯನ್ನು ಎತ್ತಿಹಿಡಿದರೂ ಮರುತಿಂಗಳೇ ಸುಪ್ರೀಂ ಕೋರ್ಟು ತಡೆ ನೀಡಿತು. ಈ ನಡುವೆ ಸರಿಯಾದ ಕಾಗದವಿಲ್ಲದ ಆಸ್ತಿಗಳು ತೆರಿಗೆ ಕಟ್ಟುತ್ತಲೇ ‘ಬಿ ಖಾತೆ’ಯ ಪುಸ್ತಕದಲ್ಲಿ ಕೂತವು. ಮಾಲೀಕರಿಗೆ ತೆರಿಗೆಯ ರಸೀದಿ ಸಿಕ್ಕಿತು, ನಕ್ಷೆ ಮಂಜೂರಾತಿ ಸಿಗಲಿಲ್ಲ. ಬ್ಯಾಂಕಿನ ಸಾಲವೂ ಕಷ್ಟವಾಯಿತು.

2031ರವರೆಗಿನ ಮಹಾಯೋಜನೆಯ ಕರಡು 2017ರ ನವೆಂಬರಿನಲ್ಲಿ ಪ್ರಕಟವಾಗಿ ಆಕ್ಷೇಪಣೆಗಳ ಮಳೆಯನ್ನೇ ಕಂಡಿತು. 2020ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. 84 ಲಕ್ಷ ದಾಟಿದ್ದಾಗಿ 2011ರ ಜನಗಣತಿ ಹೇಳಿದ ನಗರ, 2015ನ್ನೇ ಗುರಿಯಾಗಿಟ್ಟ ನಕ್ಷೆಯ ಕೆಳಗೆ, ಅದಕ್ಕೆ ಹಚ್ಚಿದ ತಿದ್ದುಪಡಿಗಳ ಕೆಳಗೆ ಮುಂದುವರಿಯಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯಡಿ 2025ರ ಸೆಪ್ಟೆಂಬರಿನಲ್ಲಿ ನಗರಕ್ಕೆ ಐದು ಪಾಲಿಕೆಗಳು ಬಂದವು. ಅವುಗಳ ಮೇಲಿನ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ನಗರ ಯೋಜನೆಯ ಅಧಿಕಾರವನ್ನು ವಹಿಸಲಾಯಿತು. ಸೈಟು ಮಾರುವ ಸಂಸ್ಥೆಯಿಂದ ನಕ್ಷೆ ಬರೆಯುವ ಕೆಲಸ ಹೀಗೆ ಬೇರೆಯಾಯಿತು.